ಹಳೆಯ ತಂತ್ರಾಂಶದ ತಪ್ಪೇನು?



ರಾಜ್ಯೋತ್ಸವದ ಚಿತ್ರಗಳು ನಿಮ್ಮ ಕೈಸೇರಲು ಈ ಬಾರಿ ಮೂರು ವಾರ ತಡವಾಯಿತು. ಅದಕ್ಕಾಗಿ ಕ್ಷಮೆ ಕೋರುತ್ತೇವೆ. ಆದರೆ ಕಾರಣವನ್ನು ಹೇಳದೆ ಬರಿಯ ಕ್ಷಮೆ ಕೋರಿ ಸುಮ್ಮನಾಗುವುದು ನಮ್ಮಿಂದಾಗದು. ಏಕೆಂದರೆ ಈ ಕಾರಣ ಇಂದಲ್ಲ ನಾಳೆ ನಿಮ್ಮ ಮನೆಯ ಬಾಗಿಲನ್ನೂ ತಟ್ಟಲಿದೆ.

ನಡೆದದ್ದು ಇಷ್ಟು. ನಮ್ಮ ಛಾಯಾಗ್ರಾಹಕ ಮಿತ್ರರು ಬೇಸಿಗೆಯಲ್ಲಿ ಹೊಸ ಕ್ಯಾಮೆರಾ ಕೊಂಡಿದ್ದರು. ನವೆಂಬರಿನ ಜರ್ಮನಿಯಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಬಾಡಿಗೆಯ ಸಭಾಂಗಣದಲ್ಲಿ ಅರ್ಧ ಹಳದಿ ದೀಪ, ಅರ್ಧ ಬಿಳಿ ದೀಪ. ಇಂಥ ಬೆಳಕಿನಲ್ಲಿ ಜೆಪೆಗ್ ಚಿತ್ರವನ್ನು ನಂಬುವಂತಿಲ್ಲವೆಂದು ಅವರು ಎಲ್ಲವನ್ನೂ ರಾ ಕಡತಗಳಾಗಿ ತೆಗೆದರು. ಜೆಪೆಗ್ ಎಂಬುದು ಹುಯ್ದು ಮುಗಿದ ದೋಸೆ. ರಾ ಇನ್ನೂ ಹಿಟ್ಟು, ಉಪ್ಪು ಸಾಲದಿದ್ದರೆ ಈಗಲೂ ಹಾಕಬಹುದು. ಜೆಪೆಗ್ ಪ್ರತಿಯೊಂದು ಬಣ್ಣಕ್ಕೂ 256 ಹಂತಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 14 ಬಿಟ್‌ಗಳ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಮಿತ್ರರ ನಿರ್ಧಾರ ಸರಿಯಾಗಿಯೇ ಇತ್ತು.

ಆ ಕಡತಗಳು ಎಂದಿನಂತೆ, ವರ್ಷಗಳಿಂದ ಸಂಘದ ಚಿತ್ರಗಳನ್ನು ಬಿಡಿಗಾಸೂ ಪಡೆಯದೆ ತಿದ್ದಿಕೊಡುತ್ತಿರುವ ಇನ್ನೊಬ್ಬ ಸದಸ್ಯರ ಮನೆಗೆ ಹೋದವು. ಅವರ ಬಳಿ ಇರುವುದು ಬಹಳ ಹಿಂದೆ ಪೂರ್ತಿ ಹಣ ತೆತ್ತು ಕೊಂಡ ತಂತ್ರಾಂಶ. ಅದು ಒಂದು ಕಡತವನ್ನೂ ತೆರೆಯಲಿಲ್ಲ. ಇದು ತನಗೆ ಪರಿಚಯವಿಲ್ಲದ ಬಗೆಯ ಕಡತ ಎಂದಷ್ಟೇ ಹೇಳಿ ಕೈಚೆಲ್ಲಿತು. ಆ ಕಡತಗಳಲ್ಲಿ, ತೊಂಬತ್ತು ದಿನಗಳ ವೀಸಾದ ಮೇಲೆ ಹಾಸನದಿಂದ ಮೊಮ್ಮಕ್ಕಳನ್ನು ನೋಡಲು ಬಂದು, ಅಂದು ನಮ್ಮ ದೀಪ ಬೆಳಗಿದ ಅಜ್ಜ-ಅಜ್ಜಿಯರ ಚಿತ್ರವೂ ಇತ್ತು. ನಾಲ್ಕನೆಯ ದಿನ ಅವರು ಊರಿಗೆ ಹೊರಡುವವರಿದ್ದರು. ಮುದ್ರಿಸಿ ಚೌಕಟ್ಟು ಹಾಕಿ ಕೈಗಿಡಬೇಕೆಂದುಕೊಂಡಿದ್ದೆವು. ಬರಿಗೈಯಲ್ಲಿ ಬೀಳ್ಕೊಟ್ಟೆವು.

ಸಮಿತಿಯ ಸಭೆಯಲ್ಲಿ ಈ ವಿಷಯ ಬಂದಾಗ ಕೇಳಿಬಂದ ಮಾತು ಒಂದೇ: "ತಂತ್ರಾಂಶ ಹಳತಾಯಿತು, ಎಸೆಯಿರಿ, ತಿಂಗಳಿಗೆ ಎರಡು ಕಾಫಿಯ ದುಡ್ಡಿನಷ್ಟು ಚಂದಾ ಕಟ್ಟಿದರೆ ಮುಗಿಯಿತು." ಈ ಮಾತನ್ನು ನಾವು ಒಪ್ಪುವುದಿಲ್ಲ. ದುಡ್ಡಿನ ಮಾತನ್ನು ಆಮೇಲೆ ನೋಡೋಣ. ಮೊದಲನೆಯದಾಗಿ, ಆ ತಂತ್ರಾಂಶ ಹಳತಾಗಿಯೇ ಇಲ್ಲ. ಬೆಳಕು ನೆರಳು ತಿದ್ದುವುದು, ಬಣ್ಣ ಸರಿಪಡಿಸುವುದು, ಓರೆಯಾದದ್ದನ್ನು ನೇರಮಾಡುವುದು, ಇವೆಲ್ಲವನ್ನೂ ಅದು ಕೊಂಡ ದಿನದಷ್ಟೇ ಚೆನ್ನಾಗಿ ಇಂದೂ ಮಾಡುತ್ತದೆ. ಅದಕ್ಕೆ ತಿಳಿಯದಿರುವುದು ಒಂದು ಸಣ್ಣ ಪಟ್ಟಿ ಮಾತ್ರ.

ಆ ಪಟ್ಟಿ ಏನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯಾಮೆರಾದ ಸಂವೇದಕದಲ್ಲಿ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಅವರು ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬುವುದು ತಂತ್ರಾಂಶದ ಕೆಲಸ. ಅದಕ್ಕೆ ಬಿಂದುಗಳ ಜೋಡಣೆ ಹೇಗಿದೆ, ಯಾವ ಅಂಕೆಯನ್ನು ಕಪ್ಪೆಂದೂ ಯಾವುದನ್ನು ಬಿಳುಪೆಂದೂ ಎಣಿಸಬೇಕು, ಈ ಮಾದರಿಯ ಕೆಂಪು ನಮ್ಮ ಕಣ್ಣಿನ ಯಾವ ಕೆಂಪಿಗೆ ಸಮ, ಇಷ್ಟು ಗೊತ್ತಿರಬೇಕು. ಹೊಸ ಮಾದರಿಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ, ಕಡತದ ಒಳರಚನೆ ಹಳೆಯದೇ ಆಗಿದ್ದರೂ, ತಂತ್ರಾಂಶ ಬಾಗಿಲು ತೆರೆಯದು. ಕಡತದೊಳಗೆ ಬರೆದಿರುವ ಮಾದರಿಯ ಹೆಸರನ್ನು ಅಳಿಸಿ, ಅದರ ಅಣ್ಣನಂಥ ಹಳೆಯ ಮಾದರಿಯ ಹೆಸರನ್ನು ಎಕ್ಸಿಫ್‌ಟೂಲ್‌ನಿಂದ ಬರೆದರೆ ಕೆಲವು ಕಡತಗಳು ತಕ್ಷಣ ತೆರೆದುಕೊಳ್ಳುವುದೂ ಉಂಟು. ಬಣ್ಣ ಕೆಡುವ ಸಂಭವವಿರುವುದರಿಂದ ಇದನ್ನು ನಾವು ದಾರಿಯೆಂದು ಸೂಚಿಸುತ್ತಿಲ್ಲ. ಮಾಡುವುದಾದರೂ ನಕಲು ಪ್ರತಿಯ ಮೇಲಷ್ಟೇ ಮಾಡಬೇಕು. ಆದರೆ ಹೆಸರು ಬದಲಿಸಿದೊಡನೆ ತೆರೆಯುವ ಬಾಗಿಲು ಯಂತ್ರದ ಅಶಕ್ತಿಯಿಂದ ಮುಚ್ಚಿದ್ದಲ್ಲ ಎಂಬುದಂತೂ ಸ್ಪಷ್ಟ.

ಹಾಗಾದರೆ ಮುಚ್ಚಿದವರು ಯಾರು? ಇಬ್ಬರು. ಮೊದಲನೆಯವರು ಕ್ಯಾಮೆರಾ ತಯಾರಕರು. ಕ್ಯಾನನ್‌ಗೆ ಒಂದು ಬಗೆ, ನಿಕಾನ್‌ಗೆ ಒಂದು ಬಗೆ, ಸೋನಿಗೆ ಒಂದು, ಫ್ಯೂಜಿಗೆ ಮತ್ತೊಂದು. 2018ರಲ್ಲಿ ಕ್ಯಾನನ್ ತನ್ನ ಸಿಆರ್2 ಬಗೆಯನ್ನು ಬಿಟ್ಟು, ಒಳರಚನೆಯೇ ಬೇರೆಯಾದ ಸಿಆರ್3ಕ್ಕೆ ಹೊರಳತೊಡಗಿತು. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ಕಡತಗಳಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿರಿಸಿದೆಯೆಂದು ಫೋಟೊಶಾಪ್‌ನ ಜನಕರಲ್ಲೊಬ್ಬರಾದ ಥಾಮಸ್ ನಾಲ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದ್ದರು. ಚಿತ್ರ ತೆಗೆದವನು ನಾನು, ಬೆಳಕು ಸಭಾಂಗಣದ್ದು, ಮುಖ ನಮ್ಮಜ್ಜಿಯದು. ಆ ಬೆಳಕಿನ ಲೆಕ್ಕವನ್ನು ನನಗೇ ಗುಟ್ಟಾಗಿಡುವ ಅಧಿಕಾರ ಯಾರು ಕೊಟ್ಟರು?

ಎರಡನೆಯವರು ತಂತ್ರಾಂಶ ಮಾರುವವರು. 2012ರ ಸಿಎಸ್6, ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಕೊಳ್ಳಬಹುದಾಗಿದ್ದ ಪೂರ್ಣಪ್ರಮಾಣದ ಫೋಟೊಶಾಪ್‌ಗಳಲ್ಲಿ ಕೊನೆಯದು. 2013ರಲ್ಲಿ ಅಡೋಬಿ ಇನ್ನು ಮುಂದೆ ಚಂದಾ ಪದ್ಧತಿ ಮಾತ್ರ ಎಂದು ಘೋಷಿಸಿತು. ಹಾಗೆಯೇ ಕೊಳ್ಳಬಹುದಾಗಿದ್ದ ಲೈಟ್‌ರೂಮ್ 6ಕ್ಕೆ ಕೊನೆಯ ಪರಿಷ್ಕರಣೆ ಬಂದದ್ದು 2017ರ ಡಿಸೆಂಬರಿನಲ್ಲಿ. ಮರುವರ್ಷವೇ ಸಿಆರ್3 ಬಂದಿತು! ಹೊಸ ಮಾದರಿಯೊಂದನ್ನು ಅಳೆದು ಪಟ್ಟಿಗೆ ಸೇರಿಸಲು ಎಂಜಿನಿಯರುಗಳ ದುಡಿಮೆ ಬೇಕು, ಅದಕ್ಕೆ ಸಂಬಳ ಬೇಕು. ಇದನ್ನು ನಾವು ಅಲ್ಲಗಳೆಯುವುದಿಲ್ಲ, ನಮ್ಮಲ್ಲಿ ಅರ್ಧದಷ್ಟು ಜನರ ಮನೆಯ ಒಲೆ ಉರಿಯುವುದು ಅದೇ ದುಡಿಮೆಯಿಂದ. ನಮ್ಮ ತಕರಾರು ದುಡಿಮೆಯ ಬೆಲೆಯ ಬಗ್ಗೆಯಲ್ಲ. ಒಂದು ಕ್ಯಾಮೆರಾದ ಲೆಕ್ಕಪಟ್ಟಿಗಾಗಿ ಇಡೀ ತಂತ್ರಾಂಶವನ್ನು ತಿಂಗಳು ತಿಂಗಳೂ ಬಾಡಿಗೆಗೆ ಹಿಡಿಯಿರಿ ಎಂಬುದರ ಬಗ್ಗೆ. ಎರಡು ಕಾಫಿಯ ದುಡ್ಡು ಹತ್ತು ವರ್ಷಕ್ಕೆ ಎಷ್ಟು ಕಾಫಿಯಾಗುತ್ತದೆಂದು ನಮ್ಮ ಖಜಾಂಚಿಗಳು ಲೆಕ್ಕ ಹಾಕಿ ತೋರಿಸಿದ ಮೇಲೆ ಸಭೆಯಲ್ಲಿ ಆ ಹೋಲಿಕೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ವಿಚಿತ್ರವೆಂದರೆ, ಈ ಬೀಗಕ್ಕೆ ಕೀಲಿಯನ್ನು ಮಾಡಿಟ್ಟಿರುವುದೂ ಅದೇ ಅಡೋಬಿ. 2004ರಲ್ಲಿ ಅದು ಡಿಎನ್‌ಜಿ ಎಂಬ ಮುಕ್ತ ಬಗೆಯನ್ನು ಹೊರತಂದಿತು. ಅದರ ವಿವರಣೆ ಎಲ್ಲರಿಗೂ ಲಭ್ಯ, ಬಳಸಲು ಗೌರವಧನ ಕೊಡಬೇಕಿಲ್ಲ. ಮೇಲೆ ಹೇಳಿದ ಲೆಕ್ಕಪಟ್ಟಿಯನ್ನು ಈ ಕಡತ ತನ್ನ ಹೊಟ್ಟೆಯಲ್ಲೇ ಹೊತ್ತು ತರುತ್ತದೆ. ಆದ್ದರಿಂದ ಕ್ಯಾಮೆರಾ ಹುಟ್ಟುವ ಮೊದಲೇ ಬರೆದ ತಂತ್ರಾಂಶವೂ ಅದನ್ನು ಓದಬಲ್ಲದು. ಡಿಎನ್‌ಜಿ ಪರಿವರ್ತಕ ಉಚಿತ, ಚಂದಾ ಬೇಕಿಲ್ಲ. ಹಾಸನದ ಅಜ್ಜ-ಅಜ್ಜಿಯರ ಚಿತ್ರ ಕೊನೆಗೂ ತೆರೆದದ್ದು ಹೀಗೆಯೇ. ಅದೀಗ ಅಂಚೆಯಲ್ಲಿದೆ.

ಮಾಡುವವರು ಗಮನಿಸಬೇಕಾದ ಮಾತು ಒಂದೆರಡುಂಟು. ಪರಿವರ್ತಕದ ಆದ್ಯತೆಗಳಲ್ಲಿ ಹೊಂದಾಣಿಕೆ ಎಂಬ ಆಯ್ಕೆಯಿದೆ. ಅಲ್ಲಿ ನಿಮ್ಮ ಹಳೆಯ ಆವೃತ್ತಿಗೆ ತಕ್ಕುದನ್ನು ಆರಿಸದಿದ್ದರೆ ಹೊಸ ಬಗೆಯ ಸಂಕುಚನ ಬಳಕೆಯಾಗಿ ಮತ್ತೆ ಅದೇ ಗೋಳು. ಮೂಲ ರಾ ಕಡತವನ್ನು ಅಳಿಸಬೇಡಿ, ಏಕೆಂದರೆ ತಯಾರಕರ ಸ್ವಂತ ತಂತ್ರಾಂಶಗಳು ಪರಿವರ್ತಿತ ಕಡತವನ್ನು ಒಪ್ಪುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಇಂದಿನ ಪರಿವರ್ತಕ ಓಡದಿರಬಹುದು. ಆಗ ಇನ್ನೊಬ್ಬರ ಮನೆಯ ಯಂತ್ರದಲ್ಲಿ ಪರಿವರ್ತಿಸಿ ತರಬೇಕು, ನಾವೂ ಹಾಗೆಯೇ ಮಾಡಿದೆವು. ಇದಾವುದೂ ಬೇಡವೆನ್ನುವವರಿಗೆ ಡಾರ್ಕ್‌ಟೇಬಲ್, ರಾಥೆರಪಿಗಳೆಂಬ ಮುಕ್ತ ತಂತ್ರಾಂಶಗಳಿವೆ. ತಯಾರಕರು ಮುಚ್ಚಿಟ್ಟದ್ದನ್ನು ಬಿಡಿಸುವ ಈ ಕೆಲಸಕ್ಕೆ ದಾರಿ ತೋರಿದವರಲ್ಲಿ ಮುಖ್ಯರು, 1997ರಿಂದ ಡಿಸಿರಾ ಎಂಬ ಪುಟ್ಟ ಪ್ರೋಗ್ರಾಮನ್ನು ಬರೆಯುತ್ತ ಬಂದ ಡೇವ್ ಕಾಫಿನ್.

ಆದರೂ ಪರಿವರ್ತನೆಯ ಹೊರೆಯನ್ನು ನಾವೇಕೆ ಹೊರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಲೈಕಾ, ಪೆಂಟಾಕ್ಸ್, ರಿಕೋ ಕ್ಯಾಮೆರಾಗಳು ಡಿಎನ್‌ಜಿಯನ್ನು ನೇರವಾಗಿ ಬರೆಯುತ್ತವೆ. ಆಂಡ್ರಾಯ್ಡ್ 2014ರಿಂದಲೂ, ಐಫೋನಿನ ಪ್ರೊರಾ 2020ರಿಂದಲೂ ಇದೇ ಬಗೆಯನ್ನು ಬಳಸುತ್ತಿವೆ. ಜೇಬಿನ ಫೋನಿಗೆ ಸಾಧ್ಯವಾದದ್ದು ಎರಡು ಸಾವಿರ ಯೂರೊ ಕ್ಯಾಮೆರಾಕ್ಕೆ ಅಸಾಧ್ಯವೆಂದರೆ ನಂಬುವವರಾರು? 2024ರಲ್ಲಿ ಐರೋಪ್ಯ ಒಕ್ಕೂಟ ಬಟ್ಟೆ ಒಗೆಯುವ ಯಂತ್ರಗಳಿಗೂ ಫೋನುಗಳಿಗೂ ದುರಸ್ತಿಯ ಹಕ್ಕಿನ ನಿರ್ದೇಶನ ಹೊರಡಿಸಿತು. ನಾವು ತೆಗೆದ ಚಿತ್ರವನ್ನು ನಾವು ತೆರೆಯುವ ಹಕ್ಕು ಅದಕ್ಕಿಂತ ದೊಡ್ಡ ಬೇಡಿಕೆಯೇನಲ್ಲ.

ಕನ್ನಡಿಗರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಸಂಕೇತಕ್ರಮವಿತ್ತು. ನಮ್ಮ ಸಂಘದ ಮೊದಲ ವರ್ಷಗಳ ವಾರ್ತಾಪತ್ರಗಳನ್ನು ಇಂದು ತೆರೆದರೆ, ಆಗಿನ ಅಕ್ಷರವಿನ್ಯಾಸ ಯಂತ್ರದಲ್ಲಿಲ್ಲದ ಕಾರಣ, ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅವುಗಳನ್ನು ಪರಿವರ್ತಿಸುತ್ತ ಕುಳಿತವರಿಗೆ ಮುಚ್ಚಿದ ಕಡತದ ಬೆಲೆ ಗೊತ್ತು.

ಯುಗಾದಿಯಿಂದ ಸಂಘದ ಸಂಗ್ರಹಕ್ಕೆ ಪ್ರತಿಯೊಂದು ಚಿತ್ರವೂ ಮೂಲ ಕಡತದ ಜೊತೆಗೆ ಡಿಎನ್‌ಜಿಯಾಗಿಯೂ ಸೇರಲಿದೆ. ಅಂದು ಬೇವು-ಬೆಲ್ಲದ ಮೇಜಿನ ಪಕ್ಕದಲ್ಲೇ ಪರಿವರ್ತಕವಿರುವ ಸಂಘದ ಲ್ಯಾಪ್‌ಟಾಪ್ ಇರುತ್ತದೆ. ತೆರೆಯದ ಕಡತಗಳಿದ್ದವರು ಕಾರ್ಡನ್ನು ತನ್ನಿ. ಅಲ್ಲೇ ಕ್ಯಾಮೆರಾ ತಯಾರಕರಿಗೆ ಬರೆದ ಮನವಿ ಪತ್ರವನ್ನೂ ಇಟ್ಟಿರುತ್ತೇವೆ. ಓದಿ, ಒಪ್ಪಿಗೆಯಾದರೆ ಸಹಿ ಮಾಡಿ. ನಿಮ್ಮ ಕ್ಯಾಮೆರಾದ ಮಾದರಿಯನ್ನೂ ಬರೆಯಲು ಮರೆಯಬೇಡಿ.