ತಮಟೆ ಮೆರವಣಿಗೆಗೆ ಮಾತ್ರವೆ?



ನಗರಗಳು ನುಡಿಗೆ ಹಬ್ಬ ಮಾಡುವ ಕಾಲ ಇದು. 2004ರಲ್ಲಿ ಯುನೆಸ್ಕೊ ಸಂಸ್ಥೆ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರವನ್ನು ‘ಸಾಹಿತ್ಯ ನಗರ’ ಎಂದು ಕರೆಯಿತು. 2023ರಲ್ಲಿ ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಗೆ ಅದೇ ಬಿರುದು ಬಂತು, ಭಾರತಕ್ಕೆ ಅದೇ ಮೊದಲನೆಯದು. ಬೆಂಗಳೂರಿನಲ್ಲಿ 2012ರಲ್ಲಿ ಶುರುವಾದ ಸಾಹಿತ್ಯೋತ್ಸವ ಇದೆ. ಮೈಸೂರು ದಸರಾಕ್ಕೆ ಕವಿಗೋಷ್ಠಿ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಅಂದಿನಿಂದ ಊರೂರಿಗೆ ಹೋಗಿ ಸಮ್ಮೇಳನ ನಡೆಸುತ್ತಿದೆ. ಕವಿತೆ ಕೇಳೋಕೆ ನಾಲ್ಕು ಜನ ಸೇರಿದರೆ ಹೊಟ್ಟೆಕಿಚ್ಚು ಪಡುವವರು ನಾವಲ್ಲ. ಸೇರಲಿ. ಆದರೆ ಬಡವನಹಳ್ಳಿಯಲ್ಲಿ ಶಿರಾ ಬಸ್ಸಿಗೋ ಮಧುಗಿರಿ ಬಸ್ಸಿಗೋ ಕಾಯುತ್ತ ನಿಂತ ಹಾಸ್ಟೆಲ್ ಹುಡುಗನೂ ಹುಡುಗಿಯೂ ಕೇಳಬೇಕಾದ ಮಾತೊಂದಿದೆ: ಈ ಹಬ್ಬದಲ್ಲಿ ನಮ್ಮ ಜಾಗ ಯಾವುದು?

ಉತ್ತರ ಬೇಕಾದರೆ ಯಾವುದಾದರೂ ಸಮ್ಮೇಳನದ ಮೊದಲನೇ ದಿನ ಬೆಳಗ್ಗೆ ಹೋಗಿ ನೋಡಿ. ಮುಂದೆ ತಮಟೆ, ನಗಾರಿ. ಹಿಂದೆ ಪೂರ್ಣಕುಂಭ. ಅದರ ಹಿಂದೆ ತಾಯಿ ಭುವನೇಶ್ವರಿಯ ಪಟ. ಅದರ ಹಿಂದೆ ಸಾರೋಟಿನಲ್ಲಿ ಅಧ್ಯಕ್ಷರು. ಕೇರಿಯವರು ಬಡಿಯುತ್ತ ಬೆವರುತ್ತ ಮೂರು ಮೈಲಿ ಕುಣಿಯುತ್ತಾರೆ. ಪೆಂಡಾಲಿನ ಬಾಗಿಲ ತನಕ. ಅಲ್ಲಿಂದ ಒಳಗೆ ಮೈಕು, ಶಾಲು, ಹಣ್ಣಿನ ಬುಟ್ಟಿ, ಆಶಯ ಭಾಷಣ. ತಮಟೆಯವರು ಹೊರಗೆ ನೆರಳು ಹುಡುಕಿಕೊಂಡು ಕೂತು ಲೆಕ್ಕದ ದುಡ್ಡಿಗೆ ಕಾಯುತ್ತಾರೆ. ಹೆಣದ ಮುಂದೆ ಬಡಿದಾಗಲೂ ಇದೇ ಜಾಗ, ಜಾತ್ರೆಯಲ್ಲಿ ಬಡಿದಾಗಲೂ ಇದೇ ಜಾಗ. ಊರಿನ ಪದ್ಧತಿಯನ್ನು ಹೊತ್ತುಕೊಂಡು ಹೋಗಿ ನಗರದಲ್ಲಿ ‘ಜನಪದ ಕಲಾ ವೈಭವ’ ಅಂತ ಹೆಸರಿಟ್ಟಿದ್ದಾರೆ, ಅಷ್ಟೇ.

ಇದು ಇವತ್ತಿನ ಜಗಳವಲ್ಲ. ನಮ್ಮ ತಮ್ಮಂದಿರು ತಂಗಿಯರು ಎಷ್ಟೋ ಜನಕ್ಕೆ ಈ ಕಥೆ ಗೊತ್ತಿಲ್ಲ, ಪಠ್ಯಪುಸ್ತಕದಲ್ಲಿ ಹುಡುಕಿದರೆ ಸಿಗುವುದೂ ಕಷ್ಟ, ಆದ್ದರಿಂದ ಹೇಳಬೇಕಾಗಿದೆ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ನಾಡೆಲ್ಲ ಹಬ್ಬ. ಅದೇ ತಿಂಗಳು, ತೋರಣ ಒಣಗುವ ಮೊದಲೇ, ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ, ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಎಂಬ ಅರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಅವರು. ದನಕ್ಕೆ ಹಾಕುವ ಬೂಸದ ಹೆಸರು ಹೇಳಿದ್ದಕ್ಕೆ ಭಾಷಾಭಿಮಾನ ಬೀದಿಗಿಳಿಯಿತು. ಎಲ್ಲಿಗೆ ಹೋಯಿತು ಆ ಅಭಿಮಾನ? ಗ್ರಂಥಾಲಯಕ್ಕೆ ಹೋಗಲಿಲ್ಲ. ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿತು. ಪುಸ್ತಕ ಓದುತ್ತ ಕೂತಿದ್ದ ಹುಡುಗರನ್ನು ಹೊಡೆಯಿತು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಅವರು ಮಂತ್ರಿಗಿರಿ ಬಿಡಬೇಕಾಯಿತು.

ಕನ್ನಡದ ದೊಡ್ಡ ಕವಿಗೇ ಬೇಸರವಾಗದ ಮಾತು, ಜೀವಮಾನದಲ್ಲಿ ಒಂದು ಕಾವ್ಯ ತೆರೆದು ನೋಡದವರಿಗೆ ಬೆಂಕಿ ಹತ್ತಿಸಿತಲ್ಲ, ಯಾಕೆ? ಬೈಸಿಕೊಂಡ ಸಾಹಿತ್ಯದ ಮೇಲಿನ ಪ್ರೀತಿಯಿಂದ ಅಂತ ನಾವು ನಂಬುವುದಿಲ್ಲ. ಬೈದವನು ಯಾರು ಅನ್ನುವುದೇ ಸಿಟ್ಟಿಗೆ ಕಾರಣ. ಆ ಏಟು ತಿಂದ ತಲೆಮಾರೇ ಆಮೇಲೆ ಬರೆಯಿತು. ಭದ್ರಾವತಿಯ ಬಿ. ಕೃಷ್ಣಪ್ಪನವರ ಜೊತೆ ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಜಾತಿಯ ಹೆಸರನ್ನೇ ತಲೆಬರಹ ಮಾಡಿ ಹಾಡು ಬರೆದ ಪುಸ್ತಕ ಅದು. ಹಾಸ್ಟೆಲಿನಲ್ಲಿ ಓದಿ ಬೆಳೆದ ಹುಡುಗ ಬರೆದದ್ದು ಅನ್ನುವುದನ್ನು ನೀವು ಮರೆಯಬೇಡಿ.

1979ರಲ್ಲಿ ಧರ್ಮಸ್ಥಳದಲ್ಲಿ 51ನೇ ಸಾಹಿತ್ಯ ಸಮ್ಮೇಳನ. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಕೇಳಿದರು. ಒಂದೇ ಒಂದು ಗೋಷ್ಠಿ. ಸಾಹಿತ್ಯದಲ್ಲಿ ದಲಿತ ಬಲಿತ ಅಂತ ಭೇದ ಇಲ್ಲ ಎಂಬ ಧಾಟಿಯಲ್ಲಿ ಆಗುವುದಿಲ್ಲ ಎಂದರು. ನೋಡಿ, ಊರಲ್ಲಿ ಭೇದ ಇದೆ, ಬಾವಿಯಲ್ಲಿ ಇದೆ, ಹೋಟೆಲಿನ ಲೋಟದಲ್ಲಿ ಇದೆ, ಸುಡುಗಾಡಿನಲ್ಲೂ ಇದೆ. ಕೇಳಿದ ಕೂಡಲೇ ಸಾಹಿತ್ಯದಲ್ಲಿ ಮಾತ್ರ ಇಲ್ಲವಾಯಿತು! ಆ ವರ್ಷದ ಮಾರ್ಚಿನಲ್ಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಮರಾಠಿಯವರು ನಮಗಿಂತ ಇಪ್ಪತ್ತೊಂದು ವರ್ಷ ಮುಂದಿದ್ದರು: ಮುಂಬಯಿಯಲ್ಲಿ 1958ರಲ್ಲೇ ದಲಿತ ಸಾಹಿತ್ಯ ಸಮ್ಮೇಳನ ಸೇರಿತ್ತು, ಉದ್ಘಾಟನೆ ಮಾಡಿದ್ದು ಮಾಂಗ ಜಾತಿಯಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ.

ಈಗ ಕೆಲವರು ಕೇಳುತ್ತಾರೆ: “ಅದೆಲ್ಲ ಹಳೇ ಕಾಲ ಕಣಪ್ಪ, ಈಗ ನಿಮ್ಮೋರೂ ಅಧ್ಯಕ್ಷರಾಗಿದಾರಲ್ಲ?” ಆಗಿದ್ದಾರೆ. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರೇ ಅಧ್ಯಕ್ಷರು. 2016ರಲ್ಲಿ ರಾಯಚೂರಿಗೆ ಬರಗೂರು ರಾಮಚಂದ್ರಪ್ಪನವರು. ನಮ್ಮ ಶಿರಾ ತಾಲ್ಲೂಕಿನ ಬರಗೂರಿನವರು, ಬಂಡಾಯ ಕಟ್ಟಿದವರಲ್ಲಿ ಮುಂದಿನ ಸಾಲಿನವರು. 2023ರ ಜನವರಿಯಲ್ಲಿ ಹಾವೇರಿಗೆ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯ ದೊಡ್ಡರಂಗೇಗೌಡರು. ನಮ್ಮ ಸೀಮೆಯವರು ಆ ಕುರ್ಚಿಯಲ್ಲಿ ಕೂತಾಗ ನಮಗೂ ಖುಷಿಯೇ. ಆದರೆ ಹಾವೇರಿಯಲ್ಲಿ ಏನಾಯಿತು? ಮುಸ್ಲಿಂ ಲೇಖಕರನ್ನು ಕೈಬಿಟ್ಟಿದ್ದಾರೆ ಎಂಬ ಕೂಗೆದ್ದಿತು. ಜನವರಿ 8ಕ್ಕೆ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಅಂತ ಬೇರೆಯದೇ ಸಭೆ ಸೇರಬೇಕಾಯಿತು. 1979ಕ್ಕೂ 2023ಕ್ಕೂ ನಡುವೆ ನಲವತ್ನಾಲ್ಕು ವರ್ಷ. ಬಾಗಿಲ ಹೊರಗೆ ನಿಂತವರ ಹೆಸರು ಬದಲಾಗಿತ್ತು.

ಆ ಸಭೆಯಲ್ಲಿ ಬಾನು ಮುಷ್ತಾಕ್ ಒಂದು ಮಾತು ಕೇಳಿದ್ದರು: ಕನ್ನಡವನ್ನು ನೀವು ಭುವನೇಶ್ವರಿ ಎಂಬ ದೇವಿ ಮಾಡಿ ಕೂರಿಸಿಬಿಟ್ಟರೆ ನಾನು ಎಲ್ಲಿ ನಿಲ್ಲಲಿ ಅಂತ ಅದರ ತಾತ್ಪರ್ಯ. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ‘ನಮ್ಮ ಕನ್ನಡತಿ’ ಅಂದರು. ನಾಲ್ಕು ತಿಂಗಳೊಳಗೆ ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಡ, ಆ ಹಳೇ ಮಾತನ್ನು ಕೆದಕಿ ಎದುರಿಗಿಟ್ಟರು. ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋದರು. ಅಲ್ಲಿ ಅರ್ಜಿ ನಿಲ್ಲಲಿಲ್ಲ, ಸೆಪ್ಟೆಂಬರ್ 22ಕ್ಕೆ ಅವರೇ ದಸರಾ ಉದ್ಘಾಟಿಸಿದರು.

ಅವರು ಕೇಳಿದ ಪ್ರಶ್ನೆ ನಮ್ಮದೂ ಹೌದು, ಇನ್ನೂ ಒಂದು ಕೈ ಹೆಚ್ಚಾಗಿ ನಮ್ಮದು. ಭಾಷೆ ಮಾತಾಡುವ ವಸ್ತು. ಅದನ್ನು ದೇವರು ಮಾಡಿದರೆ ಅದಕ್ಕೊಂದು ಗುಡಿ ಬೇಕು. ಗುಡಿಗೆ ಪೂಜಾರಿ ಬೇಕು. ಪೂಜಾರಿ ಬಂದರೆ ಮಡಿ ಬರುತ್ತೆ. ಮಡಿ ಬಂದರೆ ನಾವು ಎಲ್ಲಿ ನಿಲ್ಲಬೇಕು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಮ್ಮ ಅಜ್ಜಂದಿರಿಗೇ ಗೊತ್ತಿತ್ತು.

ಮಡಿ ಎಲ್ಲಿ ತನಕ ಹೋಗುತ್ತೆ ಅನ್ನೋದಕ್ಕೆ ಮಂಡ್ಯ ನೋಡಿ. 2024ರ ಡಿಸೆಂಬರಿನಲ್ಲಿ 87ನೇ ಸಮ್ಮೇಳನ. ಮಳಿಗೆಗಳಿಗೆ ಹಾಕಿದ ಷರತ್ತಿನಲ್ಲಿ ಹೆಂಡ, ತಂಬಾಕಿನ ಜೊತೆ ಮಾಂಸವನ್ನೂ ಸೇರಿಸಿ ನಿಷೇಧ ಅಂತ ಬರೆದರು. ಹೆಂಡ, ಬೀಡಿ, ಬಾಡು, ಮೂರೂ ಒಂದೇ ಸಾಲಿನಲ್ಲಿ! ಅದೂ ಎಲ್ಲಿ? ಬಾಡೂಟಕ್ಕೇ ಹೆಸರಾದ ಮಂಡ್ಯದಲ್ಲಿ. ಸಂಘಟನೆಗಳು ಬಾಡೂಟಕ್ಕೆ ಪಟ್ಟು ಹಿಡಿದವು. ಕೊನೆಯ ದಿನ ಮೊಟ್ಟೆ ಕೊಟ್ಟರು. ಕೆಲವರು ಇದನ್ನು ತಮಾಷೆ ಮಾಡಿ ನಕ್ಕರು. ಸಾಹಿತ್ಯ ಕೇಳೋಕೆ ಬಂದೋರಿಗೆ ಬಾಡ್ಯಾಕೆ ಅಂದರು. ಮೂರು ದಿನ ಹೋಳಿಗೆ ಬಡಿಸುವಾಗ ಯಾರೂ ಆ ಪ್ರಶ್ನೆ ಕೇಳಲಿಲ್ಲವಲ್ಲ? ಒಬ್ಬರ ಊಟ ‘ಊಟ’ ಅನ್ನಿಸಿಕೊಂಡು ಇನ್ನೊಬ್ಬರ ಊಟ ‘ಮಾಂಸಾಹಾರ’ ಅನ್ನಿಸಿಕೊಳ್ಳುವಾಗಲೇ ಅಲ್ಲೊಂದು ಭಾಷೆಯ ರಾಜಕೀಯ ನಡೆದುಹೋಗಿರುತ್ತೆ. ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ಇದನ್ನು ಗಮನಿಸಬೇಕು.

ಇರಲಿ. ಇವರ ಹಬ್ಬದ ಮಾತು ಇಷ್ಟು ಸಾಕು. ನಮ್ಮ ಭಾಷೆ ಎಲ್ಲಿದೆ?

ಪಾವಗಡದ ಕಡೆಯ ಎಷ್ಟೋ ಕೇರಿಗಳಲ್ಲಿ ಮನೆಮಾತು ತೆಲುಗು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಅದು. ತಾಂಡದಲ್ಲಿ ಲಂಬಾಣಿ. ರಾಜ್ಯೋತ್ಸವದ ದಿನ ಆ ಮಕ್ಕಳು ‘ನಮ್ಮ ತಾಯ್ನುಡಿ ಕನ್ನಡ’ ಅಂತ ಕಂಠಪಾಠ ಒಪ್ಪಿಸುತ್ತಾರೆ. ಅವ್ವನ ಮಾತು ಯಾವುದು ಅಂತ ಮೇಷ್ಟ್ರು ಕೇಳುವುದಿಲ್ಲ. ಕನ್ನಡವನ್ನೇ ಆಡುವ ನಮ್ಮ ಕೇರಿಗಳ ಕಥೆಯೂ ಬೇರೆ ಇಲ್ಲ. ‘ಶುದ್ಧವಾಗಿ ಮಾತಾಡೋ’ ಅಂತ ಬೈಸಿಕೊಳ್ಳದ ಹಾಸ್ಟೆಲ್ ಹುಡುಗ ಇದ್ದಾನೆಯೆ? ಹಾಗೆ ಬೈಸಿಕೊಂಡು ಬಾಯಿ ಮುಚ್ಚಿದವರೊಂದಿಗೆ ಏನೇನು ಮಣ್ಣಾಯಿತು ಅಂತ ಲೆಕ್ಕ ಹಾಕಿ. ತೊಗಲು ಹದ ಮಾಡುವವನ ಬಾಯಲ್ಲಿ ತಂಗಡಿ ಚಕ್ಕೆ ಇತ್ತು, ರಂಪಿಗೆ ಇತ್ತು, ಅಟ್ಟೆ, ಉಂಗುಟ, ಬಾರು, ಮಿಣಿ ಇತ್ತು. ಬಾವಿಗೆ ಕಪಿಲೆ ಇದ್ದಾಗ ಬಾನಿ ಹೊಲಿಯಲು ಊರಿಗೆಲ್ಲ ಅವನು ಬೇಕಿತ್ತು. ಪಂಪ್‌ಸೆಟ್ ಬಂತು, ಕಪಿಲೆ ಹೋಯಿತು, ಮಾತೂ ಹೋಯಿತು. ಜೀತದ ಕಷ್ಟ ಹೋದದ್ದಕ್ಕೆ ಅಳಬೇಕಾಗಿಲ್ಲ, ಹೋಗಬೇಕಾದ್ದೇ. ಮಾತು ಮಾತ್ರ ಬರೆದಿಡಬೇಕಿತ್ತು. ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 8 ಸಂಪುಟ ಬಂದಿದೆ, ಹಿರಿಯರು ಜೀವ ತೇದು ಮಾಡಿದ ಕೆಲಸ, ಗೌರವ ಇದೆ. ಶಾಸನಕ್ಕೂ ಕಾವ್ಯಕ್ಕೂ ಬಾರದೇ ಉಳಿದ ಮಾತುಗಳನ್ನು ಯಾರು ಹುಡುಕಬೇಕು? ಕೇರಿಯಲ್ಲಿ ಹುಟ್ಟಿ ಅಕ್ಷರ ಕಲಿತ ನಾವೇ.

ಮಾದಿಗರ ಮನೆಗಳಿಗೆ ಬಂದು ಕುಲದ ಕಥೆ ಹೇಳಿ ಕಾಣಿಕೆ ಪಡೆಯುವ ದಕ್ಕಲರನ್ನು ನೆನೆಯಿರಿ. ಅಸ್ಪೃಶ್ಯರೂ ದೂರ ಇಟ್ಟ ಜನ ಅವರು. ನಮ್ಮೊಳಗಿನ ಈ ಕೊಳೆಯನ್ನು ನಾವು ಮುಚ್ಚಿಡಬಾರದು. ಅವರ ಬಾಯಲ್ಲಿದ್ದ ಪುರಾಣವನ್ನು ಕಾವ್ಯಕ್ಕೆ ತಂದವರು ತುಮಕೂರಿನಲ್ಲಿ ಚಳವಳಿ ಕಟ್ಟಿದ ಕೆ.ಬಿ. ಸಿದ್ದಯ್ಯನವರು. ‘ದಕ್ಲಕಥಾ ದೇವಿ ಕಾವ್ಯ’ ಓದಿ. ಅರ್ಥವಾಗದಿದ್ದರೆ ಎರಡು ಸಲ ಓದಿ. 2019ರಲ್ಲಿ ಅವರು ತೀರಿಕೊಂಡರು, ಅವರ ಪುಸ್ತಕ ನಿಮ್ಮ ಹಾಸ್ಟೆಲಿನ ಕಪಾಟಿನಲ್ಲಿ ಇದೆಯೇ ನೋಡಿ. ಕಪಾಟೇ ಇದೆಯೇ ನೋಡಿ.

ಇನ್ನು ಇಂಗ್ಲಿಷಿನ ಮಾತು. ಇದರಲ್ಲಿ ನಮ್ಮವರಲ್ಲೇ ಎರಡು ಪಕ್ಷ. 2014ರ ಮೇ 6ಕ್ಕೆ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದಿತು. ದೇವನೂರ ಮಹಾದೇವ ಅವರು ಶಿಕ್ಷಣದಲ್ಲಿ ಕನ್ನಡಕ್ಕೆ ಜಾಗ ಸಿಗುವ ತನಕ ಬೇಡವೆಂದು ಸಮ್ಮೇಳನದ ಅಧ್ಯಕ್ಷತೆಯನ್ನೇ ಬಿಟ್ಟರು. ಶಾಲು ಹೊದ್ದುಕೊಂಡು ಕನ್ನಡ ಉಳಿಸಿ ಅಂದವರಿಗಿಂತ ಶಾಲು ಬಿಟ್ಟವರ ಮಾತಿಗೆ ತೂಕ ಜಾಸ್ತಿ. ಆದರೆ ಬಸವಲಿಂಗಪ್ಪನವರ ಮಾತೂ ಸತ್ತಿಲ್ಲ. ಉಳ್ಳವರ ಮಗು ಕಾನ್ವೆಂಟಿಗೆ, ಕೇರಿಯ ಮಗು ಒಬ್ಬನೇ ಮೇಷ್ಟ್ರಿರುವ ಕನ್ನಡ ಶಾಲೆಗೆ, ಆಮೇಲೆ ಇಬ್ಬರಿಗೂ ಒಂದೇ ಇಂಟರ್‌ವ್ಯೂ ಅಂದರೆ ಕನ್ನಡ ಉಳಿಸುವ ಕೂಲಿ ಕೆಲಸವನ್ನೂ ನಮ್ಮ ಹೆಗಲಿಗೇ ಹಾಕಿದ ಹಾಗೆ. ಭಾಷೆ ಯಾವುದಾದರೂ ಇರಲಿ, ಶಾಲೆ ಒಂದೇ ಆಗಲಿ. ತಹಶೀಲ್ದಾರರ ಮಗಳೂ ತಮಟೆಯವನ ಮಗಳೂ ಒಂದೇ ಬೆಂಚಿನಲ್ಲಿ ಕೂರಲಿ. ಈ ಪತ್ರಿಕೆಯ ನಿಲುವು ಇದು. ಬಾಬಾಸಾಹೇಬರು ಇಂಗ್ಲಿಷಿನಲ್ಲಿ ಗ್ರಂಥ ಬರೆದರು, ಜಗತ್ತು ಓದಿತು. ಅವರೇ 1920ರ ಜನವರಿ 31ಕ್ಕೆ ‘ಮೂಕನಾಯಕ’ವನ್ನು ಮರಾಠಿಯಲ್ಲಿ ಶುರು ಮಾಡಿದ್ದರು, ಕೇರಿಯ ಜನ ಓದಲಿ ಅಂತ. ಒಂದು ಕಲಿತರೆ ಇನ್ನೊಂದು ಬಿಡಬೇಕು ಅನ್ನುವ ಕಟ್ಟಳೆ ಅವರಿಗಿರಲಿಲ್ಲ, ನಮಗ್ಯಾಕೆ?

ಕೆಲಸದ ಮಾತಿಗೆ ಬರೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ವಸೂಲಾಗುತ್ತೆ. ಅಂದರೆ ಮೂರು ದಿನದ ಪೆಂಡಾಲು ಇಲ್ಲದಿದ್ದರೂ ವರ್ಷಪೂರ್ತಿ ಪುಸ್ತಕಕ್ಕೆ ದುಡ್ಡಿದೆ. ನಿಮ್ಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಹೋಗಿ. ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತೆ, ಕೇರಿಯ ಹೆಣ್ಣುಮಕ್ಕಳು ಒಳಗೆ ಬಂದು ಕೂರುವ ಹಾಗಿದೆಯೆ, ದೇವನೂರ, ಸಿದ್ಧಲಿಂಗಯ್ಯ, ಮಾಲಗತ್ತಿ, ಮೂಡ್ನಾಕೂಡು ಇದ್ದಾರೆಯೆ ಅಂತ ನೋಡಿ ಬರೆದುಕೊಳ್ಳಿ. ಕರದ ಲೆಕ್ಕ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಕನ್ನಡದಲ್ಲೇ ಇರಲಿ.

ರಜೆಗೆ ಊರಿಗೆ ಹೋದಾಗ ಇನ್ನೊಂದು ಕೆಲಸ. ಒಂದು ನೋಟ್ ಪುಸ್ತಕ ತಗೊಂಡು ಅವ್ವನ ಹತ್ರ, ಅಜ್ಜಿ ಹತ್ರ ಕೂತ್ಕೊಳ್ಳಿ. ಕಳೆ ಕೀಳುವಾಗ ಹಾಡಿದ್ದು, ಸತ್ತವರ ಮುಂದೆ ಅತ್ತದ್ದು, ಗೌಡರಿಗೆ ಕೇಳಿಸದ ಹಾಗೆ ಬೈದದ್ದು, ಎಲ್ಲ ಬರೆದುಕೊಳ್ಳಿ. ತೆಲುಗಾದರೆ ತೆಲುಗು, ಲಂಬಾಣಿಯಾದರೆ ಲಂಬಾಣಿ, ಕನ್ನಡ ಅಕ್ಷರದಲ್ಲೇ ಬರೀರಿ. ತಿದ್ದಬೇಡಿ. ಯಾರು ಹೇಳಿದ್ದು, ಯಾವ ಊರು, ಯಾವ ಕೆಲಸದಲ್ಲಿ ಬಳಸುವ ಮಾತು ಅಂತ ಪಕ್ಕದಲ್ಲಿ ಹಾಕಿ. ಮುಂದಿನ ಸಂಚಿಕೆಯಿಂದ ಎರಡು ಪುಟ ಅದಕ್ಕೇ ಬಿಟ್ಟಿದ್ದೇವೆ. ಕೈಬರಹ ಹೇಗಿದ್ದರೂ ಪರವಾಗಿಲ್ಲ, ಸಭೆಗೆ ಬರುವಾಗ ತಂದುಕೊಡಿ. ತಮಟೆ ಬಡಿಯುವ ಅಣ್ಣಂದಿರು ಒಂದೊಂದು ಗತ್ತಿಗೂ ಏನು ಹೆಸರಿಟ್ಟಿದ್ದಾರೆ ಅಂತ ಯಾರಾದರೂ ಪಟ್ಟಿ ಮಾಡಿ ತಂದರೆ ಮೊದಲ ಪುಟದಲ್ಲೇ ಹಾಕುತ್ತೇವೆ.

ಜೈ ಭೀಮ್.