ದೊಡ್ಡ ಕ್ಯಾಮರಾದವರ ನಡುವೆ

ಛಾಯಾಗ್ರಹಣವನ್ನು ಹೊಸದಾಗಿ ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಹಣದ ತೊಂದರೆಗಿಂತಲೂ, ವಿದ್ಯೆಯ ತೊಂದರೆಗಿಂತಲೂ ದೊಡ್ಡದಾದ ತೊಂದರೆಯೊಂದುಂಟು. ಅದು ಸಂಕೋಚ. ಮನೆಯಲ್ಲಿ ತಂಗಿಯ ಚಿತ್ರ ತೆಗೆಯುವಾಗ ಈ ಸಂಕೋಚ ಹತ್ತಿರ ಸುಳಿಯುವುದಿಲ್ಲ. ತನಗಿಂತ ಅನುಭವಸ್ಥರೂ, ತನ್ನದಕ್ಕಿಂತ ಹತ್ತು ಪಾಲು ಬೆಲೆಯ ಕ್ಯಾಮರಾ ಉಳ್ಳವರೂ ಎದುರಿಗೆ ಬಂದು ನಿಂತರೆ ಸಾಕು, ಕೊರಳಲ್ಲಿದ್ದ ಯಂತ್ರ ತಾನಾಗಿಯೇ ಚೀಲದೊಳಕ್ಕೆ ಹೋಗಿಬಿಡುತ್ತದೆ. ನನ್ನ ಸಹಪಾಠಿಗಳಲ್ಲಿಯೇ ಮೂವರು ಈ ಕಾರಣದಿಂದ ಹವ್ಯಾಸವನ್ನು ಬಿಟ್ಟಿದ್ದಾರೆ. ಅವರಲ್ಲೊಬ್ಬ, ನಮ್ಮೆಲ್ಲರಿಗಿಂತ ಚೆನ್ನಾಗಿ ಚಿತ್ರ ತೆಗೆಯುತ್ತಿದ್ದವನು, ಕ್ಯಾಮರಾವನ್ನು ಮಾರಿಯೇಬಿಟ್ಟ. ಇದು ನಗುವ ವಿಷಯವಲ್ಲವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಈ ಸಂಕೋಚದ ಪಾಠಶಾಲೆ ಯಾವುದೆಂದರೆ ನಮ್ಮ ನಂದಿಬೆಟ್ಟ. 1478 ಮೀಟರ್ ಎತ್ತರದ ಆ ಬೆಟ್ಟದ ತಂಪು ಮರಗಳಿಗೆ ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ನೀಲಿ ನೊಣಹಿಡುಕ ಬರುತ್ತದೆ. ಪಶ್ಚಿಮ ಘಟ್ಟಗಳದೆಂದು ಹೆಸರಾದ ನೀಲಗಿರಿ ಕಾಡುಪಾರಿವಾಳವೂ ಅಲ್ಲಿ ಕಾಣಸಿಗುತ್ತದೆ. ಇಳಿಜಾರಿನ ಬಂಡೆಗಳ ನಡುವೆ ದಖ್ಖನ್ನಿನ ಕಲ್ಲುಗುಡ್ಡಗಳನ್ನು ಬಿಟ್ಟು ಹೋಗದ ಹಳದಿ ಕತ್ತಿನ ಪಿಕಳಾರವಿದೆ. ಇವುಗಳಿಗಾಗಿ ಬೆಂಗಳೂರಿನಿಂದ ಕಾರುಗಳಲ್ಲಿ ಬರುವವರ ಮುಕ್ಕಾಲಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಅವುಗಳ ಮೇಲೆ ಬಾಳೆಗೊನೆಯ ಗಾತ್ರದ ಮಸೂರಗಳು. 600 ಮಿಲಿಮೀಟರಿನ ದೊಡ್ಡ ಲೆನ್ಸ್ ಒಂದರ ಬೆಲೆ ಈಗ ಹತ್ತು ಲಕ್ಷ ರೂಪಾಯಿಗಳನ್ನು ದಾಟುತ್ತದೆ. ನಮ್ಮೂರಿನಲ್ಲಿ ಆ ಹಣಕ್ಕೆ ಒಂದು ಮನೆ ಏಳುತ್ತದೆ. ಅಂಥವರ ಸಾಲಿನ ಕೊನೆಯಲ್ಲಿ, ಕ್ಯಾಮರಾದ ಜೊತೆಗೇ ಸಿಕ್ಕುವ 18ರಿಂದ 55 ಮಿಲಿಮೀಟರಿನ ಪುಟ್ಟ ಲೆನ್ಸ್ ಹಿಡಿದು ಸರ್ಕಾರಿ ಕಾಲೇಜಿನ ಹುಡುಗ ನಿಂತನೆಂದರೆ, ಪಕ್ಕದವರು ಒಮ್ಮೆ ತಿರುಗಿ ನೋಡಿದರೂ ಅವನಿಗೆ ಕಿವಿ ಬಿಸಿಯಾಗುತ್ತದೆ.

ಇಂಥ ಹುಡುಗನಿಗೆ ಹಿತೈಷಿಗಳು ಹೇಳುವ ಸಮಾಧಾನ ಒಂದೇ: “ಕ್ಯಾಮರಾ ಮುಖ್ಯವಲ್ಲಪ್ಪಾ, ಕಣ್ಣು ಮುಖ್ಯ.” ಈ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದೇ ಕ್ಯಾಮರಾಕ್ಕೆ 55ರ ಲೆನ್ಸನ್ನೂ 600ರ ಲೆನ್ಸನ್ನೂ ತೊಡಿಸಿದರೆ, ಎರಡನೆಯದರಲ್ಲಿ ಹಕ್ಕಿ ಸುಮಾರು ಹನ್ನೊಂದು ಪಟ್ಟು ದೊಡ್ಡದಾಗಿ ಮೂಡುತ್ತದೆ. ದೊಡ್ಡ ಲೆನ್ಸಿನವರು ಹನ್ನೊಂದು ಮೀಟರ್ ದೂರದಿಂದ ತೆಗೆಯುವ ಚಿತ್ರವನ್ನು ನಾವು ತೆಗೆಯಬೇಕಾದರೆ ಹಕ್ಕಿಗೆ ಒಂದೇ ಮೀಟರ್ ಹತ್ತಿರ ಹೋಗಬೇಕು. ಯಾವ ಹಕ್ಕಿ ಅಷ್ಟು ಹೊತ್ತು ನಮ್ಮ ಮುಖ ನೋಡುತ್ತ ಕೂತಿರುತ್ತದೆ? ಕಣ್ಣು ಎಷ್ಟೇ ಚುರುಕಾಗಿರಲಿ, ಈ ಲೆಕ್ಕ ಬದಲಾಗದು. ಉಪಕರಣ ಮುಖ್ಯವೇ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಿದರೆ, ಹುಡುಗ ಚಿತ್ರ ಬಾರದ್ದಕ್ಕೆ ತನ್ನ ಕಣ್ಣೇ ಸರಿಯಿಲ್ಲವೆಂದು ತಿಳಿಯುತ್ತಾನೆ. ನನ್ನ ಗೆಳೆಯ ಕ್ಯಾಮರಾ ಮಾರಿದ್ದು ಹೀಗೆ ತಿಳಿದೇ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ಗಾದೆಯಿದೆ ನಿಜ. ಆದರೆ ಕೆಲವು ಸಲ ನೆಲ ಡೊಂಕಾಗಿಯೇ ಇರುತ್ತದೆ.

ಹಾಗಾದರೆ ಸಂಕೋಚ ನ್ಯಾಯವಾದದ್ದೇ? ಅಲ್ಲ. ಹಕ್ಕಿಯ ಚಿತ್ರಕ್ಕೆ ನಮ್ಮ ಲೆನ್ಸ್ ಸಾಲದು ಎಂಬುದು ಲೆನ್ಸಿನ ಮಾತು. ಚಿತ್ರಕ್ಕೆ ನಾವೇ ಸಾಲೆವು ಎಂಬುದು ಬೇರೆಯ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುವುದರಲ್ಲಿಯೇ ಕೀಳರಿಮೆ ಹುಟ್ಟುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಅನುಭವಸ್ಥರು ನಮಗೆ ತೋರಿಸುವುದು ಆಯ್ದ ಚಿತ್ರಗಳನ್ನು. ಅವರ ಕ್ಯಾಮರಾಗಳು ಸೆಕೆಂಡಿಗೆ ಹತ್ತು, ಇಪ್ಪತ್ತು ಚಿತ್ರಗಳನ್ನು ಹೊಡೆಯುತ್ತವೆ. ಒಂದು ಬೆಳಗ್ಗೆ ನೂರಾರು ತೆಗೆದು ಸಂಜೆ ಮನೆಯಲ್ಲಿ ಬೆರಳೆಣಿಕೆಯಷ್ಟನ್ನು ಉಳಿಸಿಕೊಳ್ಳುತ್ತಾರೆ. ನಾವು ನಮ್ಮ ಇಡೀ ಬುಟ್ಟಿಯನ್ನು ಅವರು ಆರಿಸಿಟ್ಟ ನಾಲ್ಕು ಹಣ್ಣುಗಳ ಪಕ್ಕದಲ್ಲಿಟ್ಟು ಅಳುತ್ತೇವೆ. ಬಡವೆಂದು ನಾವು ಕರೆಯುವ ಯಂತ್ರವೂ ಅಷ್ಟು ಬಡವಾದುದಲ್ಲ. ಫಿಲ್ಮಿನ ಕಾಲದಲ್ಲಿ ಹೆಸರಾಂತರು ಬಳಸುತ್ತಿದ್ದ ಕೊಡಕ್ರೋಮ್ ಸುರುಳಿಯ ವೇಗ 64; ಒಂದು ಸುರುಳಿಗೆ 36 ಚಿತ್ರ ಮಾತ್ರ. ನಮ್ಮ ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮರಾ 1600ರ ವೇಗದಲ್ಲಿ ಒಪ್ಪುವಂಥ ಚಿತ್ರ ಕೊಡುತ್ತದೆ. ಎಂದರೆ ಅವರಿಗೆ ಬೇಕಾಗಿದ್ದ ಬೆಳಕಿನ ಇಪ್ಪತ್ತೈದರಲ್ಲಿ ಒಂದು ಪಾಲು ನಮಗೆ ಸಾಕು. ಈ ಇಪ್ಪತ್ತೈದು ಪಟ್ಟಿನ ಅನುಕೂಲ ಎಲ್ಲಿ ಪ್ರಯೋಜನಕ್ಕೆ ಬರುತ್ತದೆಂಬುದನ್ನು ನಂದಿಬೆಟ್ಟದಲ್ಲಿ ಸಿಕ್ಕಿದ ಹಿರಿಯರೊಬ್ಬರು ತಾವರಿಯದೆಯೇ ನನಗೆ ಹೇಳಿದರು.

ಅವರದು ಸಾಲಿನಲ್ಲೇ ಎಲ್ಲಕ್ಕಿಂತ ದೊಡ್ಡ ಲೆನ್ಸು. “ಯಾವೂರಪ್ಪಾ?” ಎಂದರು. “ಶಿಡ್ಲಘಟ್ಟದ ಹತ್ತಿರ ಸರ್” ಎಂದೆ. ಕ್ಯಾಮರಾದ ಮಾತೇ ಎತ್ತಲಿಲ್ಲ. “ಹಾಗಾದ್ರೆ ನಿನ್ನನ್ನ ಹುಳದ ಮನೆ ಒಳಗೆ ಬಿಡ್ತಾರಾ? ನಾನು ಎರಡು ಸಲ ಹೋಗಿ ಬಾಗಿಲಲ್ಲೇ ನಿಂತು ವಾಪಸ್ ಬಂದೆ ಕಣಪ್ಪಾ” ಎಂದರು. ಅವರ ದನಿಯಲ್ಲಿದ್ದುದು ನನ್ನ ಎದೆಯೊಳಗಿದ್ದ ಆಸೆಯೇ. ನಾನು ಅವರ ಲೆನ್ಸನ್ನು ನೋಡಿ ಬಾಯಿ ಬಿಡುತ್ತಿದ್ದರೆ ಅವರು ನನ್ನ ಊರನ್ನು ಕೇಳಿ ಬಾಯಿ ಬಿಟ್ಟಿದ್ದರು.

ರೇಷ್ಮೆ ಸೀಮೆಯವರಿಗೆ ಇದರ ಕಾರಣ ತಿಳಿದದ್ದೇ. ಹೊರಗಿನವರ ಕಾಲಧೂಳಿನಿಂದ ಹುಳಕ್ಕೆ ರೋಗ ತಗುಲಬಹುದೆಂದು ರೈತರು ಹೊಸಬರನ್ನು ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ. ನಾನು ಆ ಮನೆಯ ಮಗನ ಜೊತೆ ಓದಿದವನು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು, ಬಾಗಿಲ ಬಳಿಯ ಸುಣ್ಣದ ಪುಡಿ ದಾಟಿ ಒಳಗೆ ಹೋಗಬೇಕು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕನೆಯ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತಿರುತ್ತದೆ. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ಅದರ ಮೈಯೆಲ್ಲ ಹಳದಿಯಾಗಿ ಹೊಳೆಯುತ್ತದೆ. ಆಗ ಮನೆಯವರೆಲ್ಲ ನಿದ್ದೆಗೆಟ್ಟು, ಅಕ್ಕಪಕ್ಕದವರನ್ನೂ ಕರೆದು ಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅಜ್ಜಿಯ ಬೆರಳುಗಳು ಆಗ ಓಡುವ ವೇಗವನ್ನು ಹಿಡಿಯುವುದಕ್ಕೆ ನಾನು ಪಟ್ಟ ಪಾಡು ನೊಣಹಿಡುಕದವರು ಪಟ್ಟ ಪಾಡಿಗೇನೂ ಕಡಮೆಯಲ್ಲ. ಕೋಣೆ ಕತ್ತಲೆ, ಕಿಟಕಿಗೆ ಊಜಿ ನೊಣ ಬಾರದಂತೆ ಪರದೆ. ಲೆನ್ಸನ್ನು ಪೂರ್ತಿ ತೆರೆದು, ವೇಗ 1600ಕ್ಕೆ ಇಟ್ಟು, ಉಸಿರು ಬಿಗಿಹಿಡಿದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ತೆಗೆದದ್ದು. ಹತ್ತರಲ್ಲಿ ಎಂಟು ಅಲುಗಿದ್ದವು.

ಆಮೇಲೆ ಒಂದು ದಿನ ಆ ಹಿರಿಯರನ್ನೂ ಮನೆಯವರ ಒಪ್ಪಿಗೆ ಪಡೆದು ಕರೆದುಕೊಂಡು ಹೋದೆ. ಅವರ ದೊಡ್ಡ ಲೆನ್ಸು ನಾಲ್ಕು ಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯದು. ಕೋಣೆಯ ಅಗಲವೇ ಮೂರು ಮೀಟರು. ಅವರು ನಗುತ್ತ ಅದನ್ನು ಕಾರಿನಲ್ಲೇ ಬಿಟ್ಟು, ನಾನು “ಬಡ ಲೆನ್ಸು” ಎಂದು ಬಚ್ಚಿಡುತ್ತಿದ್ದಂಥದನ್ನೇ ತಮ್ಮ ಚೀಲದ ತಳದಿಂದ ತೆಗೆದರು! ಗೇಣಿಗಿಂತ ತುಸು ದೂರದಿಂದ ಅದು ಹುಳದ ಬಾಯಿಂದ ಹೊರಡುವ ಎಳೆಯನ್ನು ಹಿಡಿಯುತ್ತದೆ. ಕಿಟಕಿಗೆ ಅಡ್ಡಲಾಗಿ ನಿಂತರೆ ಎಳೆ ಹೊಳೆಯುತ್ತದೆ, ಎದುರಾಗಿ ನಿಂತರೆ ಹೊಳೆಯದು ಎಂಬುದನ್ನು ಅವರಿಂದ ಆ ದಿನ ಕಲಿತೆ. ಕೇಳಿದರೆ ಹೇಳುವವರೇ ಹೆಚ್ಚು. “ಇದಕ್ಕೆ ಷಟರಿನ ವೇಗ ಎಷ್ಟಿಟ್ಟಿರಿ ಸರ್?” ಎಂಬ ಒಂದು ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಕೊಟ್ಟವರನ್ನು ಕಂಡಿದ್ದೇನೆ, ನಡುವೆ ತಡೆಯುವುದೇ ಕಷ್ಟ. ಕೊಂಕು ನುಡಿಯುವವರಿಲ್ಲವೆಂದಲ್ಲ. ಅಂಥವರು ಸಾಮಾನ್ಯವಾಗಿ ಹೋದ ತಿಂಗಳು ಲೆನ್ಸ್ ಕೊಂಡವರು.

ಅನುಕೂಲವಂತರ ಮೇಲೆ ನನಗೆ ಅಸೂಯೆಯಿಲ್ಲ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಮಂತ್ರಿಗಳೂ ಆಗಿದ್ದು, ಕಾಡುಮೃಗಗಳ ಚಿತ್ರಗಳಿಂದ ದೇಶಾಂತರಗಳಲ್ಲಿ ಹೆಸರು ಪಡೆದರು. ಅನುಕೂಲವಿದ್ದವರೆಲ್ಲ ಅಂಥ ತಾಳ್ಮೆ ತೋರಿದರೆ ಯಾರು ಬೇಡವೆನ್ನುತ್ತಾರೆ? ಆದರೆ ನಮ್ಮಂಥವರು ಹತ್ತಿರದಿಂದ ನೋಡಿ ಕಲಿಯಬೇಕಾದ ಚಿತ್ರಗಳು ಮೈಸೂರಿನ ಟಿ. ಎಸ್. ಸತ್ಯನ್ ಅವರದು. 1923ರಿಂದ 2009ರವರೆಗೆ ಬಾಳಿದ ಅವರು ಬೀದಿಯ ಮಕ್ಕಳನ್ನೂ ಹಳ್ಳಿಯ ಜನರನ್ನೂ ದಿನದ ಬಾಳನ್ನೂ ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಆ ಚಿತ್ರಗಳ ಮುಂದೆ ನಿಂತವನಿಗೆ ಮಗುವಿಗೂ ಚಿತ್ರಗ್ರಾಹಕನಿಗೂ ನಡುವೆ ಎಷ್ಟು ಸಲಿಗೆಯಿತ್ತೆಂಬುದು ಮೊದಲು ಕಾಣುತ್ತದೆ. ಆ ಸಲಿಗೆಯನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ?

ಸಹಪಾಠಿನಿಯರ ಸಂಕೋಚ ನಮ್ಮದರ ಎರಡು ಪಾಲು. ಕ್ಯಾಮರಾ ಚಿಕ್ಕದೆಂಬುದು ಒಂದು. ಹುಡುಗಿ ಬೀದಿಯಲ್ಲಿ ಕ್ಯಾಮರಾ ಹಿಡಿದು ನಿಂತಳೆಂಬ ಮಾತು ಇನ್ನೊಂದು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರ ಮೊದಮೊದಲಿನ ಚಿತ್ರಗಳು ಅವರ ಪತಿಯ ಹೆಸರಿನಲ್ಲಿ ಅಚ್ಚಾದವು. ಅವರಿಗೆ 2011ರಲ್ಲಿ ಪದ್ಮವಿಭೂಷಣ ಬರುವಾಗ ವಯಸ್ಸು ತೊಂಬತ್ತೇಳು. ಅಷ್ಟು ದಿನ ನಮ್ಮ ಸಹಪಾಠಿನಿಯರು ಕಾಯಬೇಕಾಗಿಲ್ಲವೆಂದು ಆಶಿಸುತ್ತೇನೆ. ಒಳಮನೆಗಳಲ್ಲಿ, ಬಸುರಿ ಬಾಣಂತಿಯರ ನಡುವೆ, ನೂಲು ಬಿಚ್ಚುವ ಹೆಂಗಸರ ಮಾತಿನ ನಡುವೆ ಅವರು ಹೋಗಬಲ್ಲಷ್ಟು ದೂರ ನಾವು ಹೋಗಲಾರೆವು. ಅವರಲ್ಲಿ ಹಲವರ ಕೈಯಲ್ಲಿರುವುದು ಮೊಬೈಲು ಮಾತ್ರ. ಅದರಿಂದಲೂ ಈ ಚಿತ್ರಗಳನ್ನು ತೆಗೆಯಬಹುದು.

ಈಗ ನನ್ನನ್ನು ನಿಜವಾಗಿ ಕಾಡುವ ಮಾತಿಗೆ ಬರುತ್ತೇನೆ. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಜಿಲ್ಲೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿ. ನಂದಿಬೆಟ್ಟದ ಸೂರ್ಯೋದಯ, ಸ್ಕಂದಗಿರಿಯ ಮೋಡ, 2023ರಿಂದೀಚೆಗೆ ಆದಿಯೋಗಿಯ ದೊಡ್ಡ ಪ್ರತಿಮೆ—ಇವೇ ಸಾವಿರ ಸಲ. ಬಹುಪಾಲು ಭಾನುವಾರ ಬಂದು ಹೋಗುವವರು ತೆಗೆದವು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಹಾಗೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗ್ಗೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಬೆರೆಯುವಾಗಿನ ಮುಖಗಳೆಲ್ಲಿ? ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಕೂಗಿ ಬೆಲೆ ಕಟ್ಟುತ್ತಿದ್ದ ಕಾಲದ ಚಿತ್ರಗಳನ್ನು ಆಗಿನ ವಿದ್ಯಾರ್ಥಿಗಳು ತೆಗೆದಿಟ್ಟಿದ್ದರೆ ಇಂದು ನಮಗೆ ಎಂಥ ನಿಧಿಯಾಗುತ್ತಿತ್ತು! ಕುದಿನೀರಿನಲ್ಲಿ ಗೂಡು ತಿರುವಿ ಬೆರಳು ಬೆಳ್ಳಗಾದ ಬಿಚ್ಚಾಣಿಕೆಯವರ ಕೈಗಳನ್ನು ಯಾರು ತೆಗೆದಿದ್ದಾರೆ? ಚರಕದ ಬಿಚ್ಚಾಣಿಕೆ ಯಂತ್ರಗಳಿಗೆ ಜಾಗ ಬಿಟ್ಟುಕೊಡುತ್ತಿದೆ. ನಾವು ಸಂಕೋಚಪಟ್ಟುಕೊಂಡು ಕುಳಿತರೆ ಅದೂ ಚಿತ್ರವಿಲ್ಲದೆ ಹೋಗುತ್ತದೆ.

ಗೌರಿಬಿದನೂರಿನ ಕಡೆಯವರಿಗೆ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಗುಂಡಿಗೆ ಜನ ಬಿದ್ದ ನೆಲ, 2001ರಲ್ಲಿ ಉರುಳಿದ ಹಳೆಯ ಅಶ್ವತ್ಥ, ಸಾಲುಸಾಲು ನಾಗರಕಲ್ಲುಗಳು. ಕಲ್ಲು ಹಾರಿಹೋಗುವುದಿಲ್ಲ, 55ರ ಲೆನ್ಸಿಗೆ ಕೈಯಳತೆಯಲ್ಲಿಯೇ ನಿಲ್ಲುತ್ತದೆ. ಚಿಂತಾಮಣಿಯವರಿಗೆ ಟೊಮೆಟೊ ಮಂಡಿಯಿದೆ, ಕೈವಾರವಿದೆ, ಮುರುಗಮಲ್ಲದ ದರ್ಗಾ ಇದೆ. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯಲ್ಲಿ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಮುಕ್ಕಾಲಿ ಹೂಡುವಂತಿಲ್ಲ. ಅಲ್ಲಿ ಲಕ್ಷದ ಕ್ಯಾಮರಾದವರೂ ನಾವೂ ಕಂಬಕ್ಕೊರಗಿಯೇ ಉಸಿರು ಕಟ್ಟಬೇಕು. ಇದು ನನಗೆ ತುಂಬ ಹಿಡಿಸಿದ ನಿಯಮ.

ಅಧ್ಯಾಪಕ ಮಹಾಶಯರಲ್ಲಿ ಎರಡು ಬಿನ್ನಹಗಳಿವೆ. ಹೊರಗಿನ ಸ್ಪರ್ಧೆಯೊಂದರಲ್ಲಿ ಪ್ರತಿ ಚಿತ್ರದ ಕೆಳಗೂ ಕ್ಯಾಮರಾ, ಲೆನ್ಸುಗಳ ಹೆಸರು ಬರೆದು ತೂಗುಹಾಕಿದ್ದುದನ್ನು ಕಂಡೆ. ನೋಡುವವರು ಮೊದಲು ಚೀಟಿಯನ್ನು ಓದಿ ಆಮೇಲೆ ಚಿತ್ರವನ್ನು ನೋಡುತ್ತಿದ್ದರು. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಆ ಚೀಟಿ ಬೇಡ. ಅದರ ಬದಲು ಊರಿನ ಹೆಸರೂ, ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರೂ ಇರಲಿ. ಎರಡನೆಯದು, ಗ್ರಂಥಾಲಯದಲ್ಲಿ ಪುಸ್ತಕದಂತೆ ಎರವಲು ಕೊಡುವ ಒಂದು ಕ್ಯಾಮರಾ. ಹೊಸದೇ ಆಗಬೇಕೆಂದಿಲ್ಲ. ವಾರಕ್ಕೊಬ್ಬರಂತೆ ಕೊಟ್ಟರೂ ವರ್ಷದಲ್ಲಿ ಮೂವತ್ತು ಮಂದಿಯ ಕೈ ಪಳಗುತ್ತದೆ.

ಕ್ಯಾಮರಾ ಮಾರಿದ ಗೆಳೆಯನಿಗೆ ಈ ವಿಷಯವನ್ನೆಲ್ಲ ಹೇಳಿದೆ. ಅವನು ಪೂರ್ತಿ ಒಪ್ಪಿಲ್ಲ. “ಹಕ್ಕಿ ತೆಗೆಯೋ ಆಸೆ ಇರೋನಿಗೆ ಹುಳ ತೆಗಿ ಅಂದ್ರೆ ಹೆಂಗಯ್ಯಾ?” ಎಂದ. ಅವನ ಮಾತಿನಲ್ಲಿಯೂ ಹುರುಳಿದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮುಂದಿನ ಬೆಳೆ ಹಣ್ಣಾಗುವಾಗ ಚಂದ್ರಿಕೆಗೆ ಹುಳ ಬಿಡಲು ಅವನೂ ಬರುತ್ತೇನೆಂದಿದ್ದಾನೆ. ಇನ್ನೂ ಇಬ್ಬರಿಗೆ ಜಾಗವಿದೆ. ಬರುವವರು ಮೊದಲೇ ನನಗೆ ತಿಳಿಸಬೇಕು. ಚಪ್ಪಲಿ ಹೊರಗೆ ಬಿಡಬೇಕು, ಫ್ಲ್ಯಾಷ್ ಹಾಕಬಾರದು, ಅಜ್ಜಿ ಕೊಟ್ಟ ಕಾಫಿಯನ್ನು ಬೇಡವೆನ್ನಬಾರದು.