ಬಣ್ಣದ ಕಡ್ಡಿಗೂ ಕನ್ನಡ ಬೇಕು



"ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಕೇಳುವುದು ಸರಿ. ಆದರೆ ಚಿತ್ರ ಬಿಡಿಸಲು ಯಾವ ಭಾಷೆ? ಮಕ್ಕಳ ಕೈಗೆ ನಾಲ್ಕು ಕ್ರೇಯಾನ್ ಕೊಟ್ಟರಾಯಿತು, ಗೀಚಿಕೊಂಡಿರುತ್ತಾರೆ." ಗಡಿನಾಡಿನ ಕನ್ನಡ ಶಾಲೆಗಳ ವಿಚಾರ ಬಂದಾಗ ಇಂಥ ಮಾತು ತಮ್ಮ ಕಿವಿಗೂ ಬಿದ್ದಿರಬಹುದು. ಕಚೇರಿಯ ಮೇಜಿನ ಆಚೆ ಕಡೆಯಿಂದ ಬಿದ್ದಿರಬಹುದು. ನಮ್ಮದೇ ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲೂ ಬಿದ್ದಿರಬಹುದು. ಈ ಮಾತಿನೊಳಗೆ ಎರಡು ಸುಳ್ಳುಗಳಿವೆ. ಕ್ರೇಯಾನ್ ಎಂದರೆ ಗೀಚುವ ಆಟಿಕೆ, ಅದರಲ್ಲಿ ಕಲಿಸುವುದಕ್ಕೆ ಏನೂ ಇಲ್ಲ ಎನ್ನುವುದು ಮೊದಲನೆಯದು. ಕಲಿಸುವುದಕ್ಕೆ ಏನೂ ಇಲ್ಲದ ಮೇಲೆ ಯಾವ ಭಾಷೆಯವರು ಬಂದು ನಿಂತರೂ ನಡೆಯುತ್ತದೆ ಎನ್ನುವುದು ಎರಡನೆಯದು. ಮೊದಲನೆಯದನ್ನು ನಾವು ಒಪ್ಪಿಕೊಂಡೆವೋ, ಎರಡನೆಯದನ್ನು ತಡೆಯುವ ನೈತಿಕ ಬಲ ನಮಗೆ ಉಳಿಯುವುದಿಲ್ಲ.

ಕ್ರೇಯಾನ್ ಎಂದರೇನು? ಮೇಣದಲ್ಲಿ ಬಣ್ಣದ ಪುಡಿಯನ್ನು ಕಲಸಿ ಎರಕ ಹೊಯ್ದ ಕಡ್ಡಿ. 1903ರಲ್ಲಿ ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪೆನಿ ಎಂಟು ಬಣ್ಣಗಳ ಕ್ರಯೋಲಾ ಪೆಟ್ಟಿಗೆಯನ್ನು ಐದು ಸೆಂಟಿಗೆ ಮಾರಾಟಕ್ಕೆ ತಂದಿತು. ಅಂದಿನಿಂದ ಅದು ಶಾಲಾ ಮಕ್ಕಳ ವಸ್ತುವಾಯಿತು. ಅಗ್ಗವಾಗಿ ಸಿಗುವುದೆಲ್ಲ ಕೀಳು ಎಂಬ ನಮ್ಮ ಜನರ ಭ್ರಮೆಗೆ ಇದೂ ಬಲಿಯಾಯಿತು.

ಇಂಗ್ಲೆಂಡಿನ ಮಹಾಶಿಲ್ಪಿ ಹೆನ್ರಿ ಮೂರ್ ಅವರ ಉದಾಹರಣೆ ನೋಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940-41ರಲ್ಲಿ, ಬಾಂಬಿನ ಭಯಕ್ಕೆ ಲಂಡನ್ನಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಸಾಲುಸಾಲಾಗಿ ಮಲಗಿದ ಜನರನ್ನು ಅವರು ಚಿತ್ರಿಸಿದರು. ಆ ಚಿತ್ರಗಳಲ್ಲಿ ಮೇಣದ ಕ್ರೇಯಾನಿನ ಕೆಲಸವೇ ಮುಖ್ಯ. ಕ್ರೇಯಾನಿನಿಂದ ಎಳೆದು, ಮೇಲೆ ನೀರುಬಣ್ಣ ಹರಿಸಿದರೆ ಮೇಣವಿದ್ದಲ್ಲಿ ನೀರು ನಿಲ್ಲುವುದಿಲ್ಲ. ಕತ್ತಲೆಯೊಳಗಿಂದ ರೂಪಗಳು ತಾವಾಗಿ ಎದ್ದು ಬರುತ್ತವೆ. ಈ ಉಪಾಯ ತಮಗೆ ಹೊಳೆದದ್ದು ಪುಟ್ಟ ಸೋದರ ಸೊಸೆಯೊಬ್ಬಳನ್ನು ರಂಜಿಸಲು ಅವಳ ಅಗ್ಗದ ಕ್ರೇಯಾನ್ ಹಿಡಿದಾಗ ಎಂದು ಮೂರ್ ಅವರೇ ಹೇಳಿಕೊಂಡಿದ್ದಾರೆ. ಮಕ್ಕಳ ಕಡ್ಡಿಯಿಂದ ಮಹಾಯುದ್ಧದ ಸಾಕ್ಷಿ ಹುಟ್ಟಿತು. ಇದನ್ನು ಆಟಿಕೆ ಎನ್ನುವ ಧೈರ್ಯ ಯಾರಿಗಿದೆ?

ಜಪಾನಿನ ಕಥೆಯೂ ನಮಗೆ ಪಾಠವೇ. ಪಠ್ಯಪುಸ್ತಕದ ಚಿತ್ರವನ್ನು ನೋಡಿ ಹಾಗೆಯೇ ನಕಲು ಮಾಡಿಸುವ ಕ್ರಮವನ್ನು ಕಲಾವಿದ ಯಮಾಮೊಟೊ ಕನಾಯೆ ವಿರೋಧಿಸಿದರು. 1919ರಲ್ಲಿ ನಾಗಾನೊ ಪ್ರಾಂತದಲ್ಲಿ ಮಕ್ಕಳ ಸ್ವತಂತ್ರ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಮಗು ತಾನು ಕಂಡದ್ದನ್ನು ಬಿಡಿಸಲಿ ಎಂಬ ಆ ಚಳವಳಿಯ ಗಾಳಿಯಲ್ಲೇ ಸಕುರಾ ಕಂಪೆನಿ 1920ರ ದಶಕದಲ್ಲಿ ಕ್ರೇಯಾನಿಗಿಂತ ಮೆತ್ತಗಿನ ಎಣ್ಣೆ ಪೇಸ್ಟಲ್ ಕಡ್ಡಿಯನ್ನು ತಯಾರಿಸಿತು. ಮುಂದೆ 1949ರಲ್ಲಿ ಫ್ರಾನ್ಸಿನ ಸೆನೆಲಿಯೆ ಅಂಗಡಿಯವರು ಇಂಥದೇ ಕಡ್ಡಿಯನ್ನು ಪಿಕಾಸೊ ಅವರಿಗಾಗಿ ಮಾಡಿಕೊಟ್ಟರು. ಮಕ್ಕಳ ತರಗತಿಯಿಂದ ಪಿಕಾಸೊ ಕೈಗೆ ಹೋದ ವಸ್ತುವಿದು.

ಇನ್ನು ಕಲಿಸುವುದೇನಿದೆ ಎಂಬ ಪ್ರಶ್ನೆ. ಬೇಕಾದಷ್ಟಿದೆ. ಕ್ರೇಯಾನಿನ ಬಣ್ಣ ನೀರುಬಣ್ಣದಂತೆ ತಟ್ಟೆಯಲ್ಲಿ ಬೆರೆಯುವುದಿಲ್ಲ. ಕಾಗದದ ಮೇಲೆ ಪದರ ಪದರವಾಗಿ ಬೆರೆಯಬೇಕು. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಹಗುರವಾಗಿ ಉಜ್ಜಿದರೆ ಕಾಗದದ ತರಿ ಕಾಣುತ್ತದೆ, ಒತ್ತಿ ಉಜ್ಜಿದರೆ ಮುಚ್ಚಿಹೋಗುತ್ತದೆ. ಬಣ್ಣಗಳ ಮೇಲೆ ಕಪ್ಪು ಬಳಿದು ಮೊಳೆಯಿಂದ ಗೀರಿದರೆ ಒಳಗಿನ ಬಣ್ಣ ಗೆರೆಯಾಗಿ ಹೊರಡುತ್ತದೆ. ಎಲೆಯನ್ನೋ ಚಾಪೆಯ ತುಂಡನ್ನೋ ಕಾಗದದ ಕೆಳಗಿಟ್ಟು ಮೇಲೆ ಉಜ್ಜಿದರೆ ಅದರ ನರ, ಅದರ ಹೆಣಿಗೆ ಮೂಡುತ್ತದೆ. ಇಷ್ಟನ್ನು ಕೈಸನ್ನೆಯಲ್ಲಿ ಒಮ್ಮೆ ತೋರಿಸಬಹುದು, ನಿಜ. ಆದರೆ ಮಗುವಿನ ಕೈ ತಪ್ಪಿದಾಗ ಏಕೆ ತಪ್ಪಿತು, ಹೇಗೆ ಸರಿಯಾದೀತು ಎಂದು ಹೇಳಲು ಬಾಯಿ ಬೇಕು. ಆ ಬಾಯಿಯ ಮಾತು ಮಗುವಿಗೆ ಅರ್ಥವಾಗಬೇಕು.

ಅದಕ್ಕಿಂತ ದೊಡ್ಡದು ಮತ್ತೊಂದಿದೆ. ಮಗು ಬಿಡಿಸುವುದು ತನ್ನ ಲೋಕವನ್ನು, ಆ ಲೋಕಕ್ಕೆ ಹೆಸರಿರುವುದು ತಾಯ್ನುಡಿಯಲ್ಲಿ. ಕಾಸರಗೋಡಿನ ಮಗು ಕಪ್ಪು, ಕೆಂಪು, ಬಿಳಿ ಕಡ್ಡಿಗಳಿಂದ ಭೀಕರವಾದೊಂದು ಮುಖ ಬರೆದು "ಇದು ಬಣ್ಣದ ವೇಷ" ಎನ್ನುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ಆ ಹೆಸರೆಂದು ತಿಳಿಯದವರು ಆ ಮಗುವಿಗೆ ಏನು ಹೇಳಿಯಾರು? "ಚುಟ್ಟಿ ಎಲ್ಲಿ ಮಗೂ?" ಎಂದು ಕೇಳಬಲ್ಲ ಅಧ್ಯಾಪಕನೇ ಆ ಚಿತ್ರವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಲ್ಲ. ಸೊಲ್ಲಾಪುರದ ಮಗು ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯ ನಂದಿಧ್ವಜಗಳನ್ನು ಬರೆಯುತ್ತದೆ. ಮಡಕಶಿರಾದ ಮಗು ಕಡಲೆಕಾಯಿ ಹೊಲವನ್ನು ಬರೆಯುತ್ತದೆ. ಬಣ್ಣಗಳ ಹೆಸರನ್ನೇ ತೆಗೆದುಕೊಳ್ಳಿ: ಗಿಳಿಹಸಿರು, ಪಾಚಿಹಸಿರು, ನೇರಳೆ, ಕಾವಿ, ಕೆಮ್ಮಣ್ಣು, ತೊಂಡೆಹಣ್ಣಿನ ಕೆಂಪು. ಹಕ್ಕಿ, ಹಣ್ಣು, ಮಣ್ಣುಗಳಿಂದ ಬಂದ ಈ ಮಾತುಗಳನ್ನು ಕೇಳದ ಮಗುವಿಗೆ ಹಸಿರೆಲ್ಲ ಒಂದೇ ಹಸಿರು. ಹೆಸರು ತಿಳಿದಾಗಲೇ ಕಣ್ಣಿಗೆ ಭೇದ ಕಾಣತೊಡಗುವುದು.

ನೆರೆಭಾಷೆಗಳ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಮಕ್ಕಳು ಮಲಯಾಳ, ಮರಾಠಿ, ತಮಿಳು, ತೆಲುಗು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಕೊಚ್ಚಿಯ ಬಾಲಕ ಎಡ್ಮಂಡ್ ಥಾಮಸ್ ಕ್ಲಿಂಟ್ 1983ರಲ್ಲಿ, ಏಳು ತುಂಬುವ ಮೊದಲೇ ತೀರಿಕೊಂಡ. ಅಷ್ಟರೊಳಗೆ ಸುಮಾರು 25,000 ಚಿತ್ರಗಳನ್ನು ಬಿಡಿಸಿದ್ದ. ಕ್ರೇಯಾನೂ ಅವನ ಸಾಧನಗಳಲ್ಲಿ ಒಂದು. ಕೇರಳ ಇಂದಿಗೂ ಅವನನ್ನು ಅಭಿಮಾನದಿಂದ ನೆನೆಯುತ್ತದೆ, ನೆನೆಯಲೇಬೇಕು. ಕ್ಲಿಂಟ್‌ನ ನಾಡಿಗೆ ನಮ್ಮ ಪ್ರಶ್ನೆ ಇಷ್ಟೇ: ಆ ಮಗುವಿನ ಜೊತೆ ಚಿತ್ರದ ಬಗ್ಗೆ ಮಾತಾಡುವವರು ಅವನ ಭಾಷೆಯವರೇ ಇದ್ದರಲ್ಲವೇ? ಅದೇ ಭಾಗ್ಯ ಕುಂಬಳೆಯ, ಮಂಜೇಶ್ವರದ ಮಗುವಿಗೆ ಏಕೆ ಬೇಡ?

ಕಾನೂನು ನಮ್ಮ ಕಡೆಗಿದೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಹೇಳುತ್ತದೆ. "ಚಿತ್ರಕಲೆಯೊಂದನ್ನು ಬಿಟ್ಟು" ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕೆನ್ನುತ್ತದೆ. ಇಲ್ಲಿಯೇ ನಮಗೆ ಕುತ್ತು. ನೂರು ಮಕ್ಕಳಿಲ್ಲದ ಸಣ್ಣ ಕನ್ನಡ ಶಾಲೆಯ ಗತಿಯೇನು? ತಲೆ ಎಣಿಸುವ ನಿಯಮ ಅಲ್ಪಸಂಖ್ಯಾತರಿಗೆ ನ್ಯಾಯ ಕೊಡಲಾರದು. ಅಕ್ಕಪಕ್ಕದ ನಾಲ್ಕೈದು ಶಾಲೆಗಳಿಗೆ ಸೇರಿ ಕನ್ನಡ ಬಲ್ಲ ಒಬ್ಬ ಚಿತ್ರಕಲಾ ಅಧ್ಯಾಪಕರನ್ನು ನೇಮಿಸಲು ಅಡ್ಡಿಯೇನು?

ಸರಕಾರವನ್ನು ಕೇಳಿದಷ್ಟೇ ಖಾರವಾಗಿ ನಮ್ಮವರನ್ನೂ ಕೇಳಬೇಕಾಗಿದೆ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಬಲಿಯಾಗುವುದು ಚಿತ್ರಕಲೆಯ ಪೀರಿಯಡ್. ನಾವೇ ಬೇಡವೆಂದು ಬಿಟ್ಟ ಪೀರಿಯಡಿಗೆ ಕನ್ನಡದ ಅಧ್ಯಾಪಕರನ್ನು ಕೊಡಿ ಎಂದು ಯಾವ ಮುಖದಿಂದ ಅರ್ಜಿ ಹಾಕುವುದು? ಅಚ್ಚಿನ ಚಿತ್ರಕ್ಕೆ ಬಣ್ಣ ತುಂಬಿಸುವ ಪುಸ್ತಕ ಕೊಟ್ಟು ಕೂರಿಸಿದರೆ ಅದು ಕಲಾ ಶಿಕ್ಷಣವೂ ಅಲ್ಲ. ಯಾರೋ ಎಳೆದ ಗೆರೆಯೊಳಗೆ ಬಣ್ಣ ತುಂಬುತ್ತಾ ಕುಳಿತ ಮಗು ತನ್ನ ಗೆರೆಯನ್ನು ಎಳೆಯಲು ಕಲಿಯುವುದು ಯಾವಾಗ?

ಆದುದರಿಂದ ಬಂಧುಗಳೇ, ಮುಂದಿನ ಸಭೆಯಲ್ಲಿ ತಾವು ಈ ನಾಲ್ಕು ಮಾತುಗಳನ್ನು ನಿರ್ಣಯವಾಗಿ ಬರೆಸಿ. ಒಂದು, ಚಿತ್ರಕಲೆಯ ಪೀರಿಯಡನ್ನು ಬೇರೆ ಯಾವ ವಿಷಯಕ್ಕೂ ಬಿಟ್ಟುಕೊಡಕೂಡದು. ಎರಡು, ಪ್ರತಿ ತರಗತಿಗೂ ಕ್ರೇಯಾನ್ ಮತ್ತು ದಪ್ಪ ಕಾಗದ ಶಾಲೆಯಿಂದಲೇ ಸಿಗಬೇಕು; ಮೇಣದ ಬಣ್ಣ ಕೊಳ್ಳಲಾಗದಷ್ಟು ಬಡತನ ಯಾವ ಸಂಘಕ್ಕೂ ಇಲ್ಲ. ಮೂರು, ಮಗು ತನ್ನ ಚಿತ್ರದ ಕೆಳಗೆ ಅದು ಏನೆಂದು ಕನ್ನಡದಲ್ಲಿ ಒಂದೆರಡು ವಾಕ್ಯ ಬರೆಯಬೇಕು; ವಾರ್ಷಿಕೋತ್ಸವದಲ್ಲಿ ಅವನ್ನು ಗೋಡೆಗೆ ತೂಗಬೇಕು. ನಾಲ್ಕು, ಕನ್ನಡ ಮಾಧ್ಯಮ ಶಾಲೆಯ ಚಿತ್ರಕಲಾ ಹುದ್ದೆಗೆ ಕನ್ನಡ ಜ್ಞಾನ ಕಡ್ಡಾಯವೆಂದು ಇಲಾಖೆಗೆ ಬರೆದು, ಉತ್ತರ ಬರುವ ತನಕ ಬಿಡಕೂಡದು. ಆ ಅರ್ಜಿಯ ಜೊತೆಗೆ ನಮ್ಮ ಮಕ್ಕಳ ಹತ್ತು ಚಿತ್ರಗಳನ್ನು, ಕೆಳಗಿನ ಕನ್ನಡ ವಾಕ್ಯಗಳ ಸಮೇತ, ಲಗತ್ತಿಸಿರಿ. ಚಿತ್ರಕ್ಕೆ ಭಾಷೆ ಬೇಡ ಎನ್ನುವ ಅಧಿಕಾರಿ ಅವನ್ನು ಓದಿ ಉತ್ತರಿಸಲಿ.